ಸಂಬಳದ ಸಲಹಾ ಸಮಿತಿಗೆ ಯಾರನ್ನು ಕೂರಿಸಬೇಕು? ಕೊಡಗಿನ ಸಹಕಾರ ಸಂಘಗಳಿಗೆ ಒಂದು ಮಾರ್ಗದರ್ಶಿ

ಮಹಾಸಭೆಯಲ್ಲಿ ಸಾಲ, ಗೊಬ್ಬರ, ಡಿವಿಡೆಂಡ್ ವಿಷಯ ಮುಗಿಯುವ ತನಕ ಎಲ್ಲ ಸರಿಯಾಗಿರುತ್ತದೆ. ಸಿಬ್ಬಂದಿ ಸಂಬಳದ ಮಾತು ಬಂತೋ, ಸಭೆ ಎರಡು ಹೋಳು. "ಕಾಫಿಗೆ ರೇಟ್ ಬಂದಿದೆ, ಸಂಘಕ್ಕೂ ಲಾಭ ಆಗಿದೆ, ಹುಡುಗರಿಗೂ ಸ್ವಲ್ಪ ಕೊಡಿ" ಎಂದು ಒಬ್ಬರು ಹೇಳುತ್ತಾರೆ. "ರೇಟ್ ಬಿದ್ದಾಗ ವಾಪಸ್ ಕೇಳೋಕಾಗುತ್ತಾ?" ಎಂದು ಇನ್ನೊಬ್ಬರು ಏಳುತ್ತಾರೆ. ಕೊನೆಗೆ ಆಡಳಿತ ಮಂಡಳಿ ಒಂದು ಅಂಕಿ ಹೇಳಿ ಮುಗಿಸುತ್ತದೆ. ಆ ಅಂಕಿ ಎಲ್ಲಿಂದ ಬಂತು ಅಂತ ಯಾರಿಗೂ ಗೊತ್ತಿರುವುದಿಲ್ಲ.

ಸರ್ಕಾರಿ ನೌಕರರಿಗೆ ವೇತನ ಆಯೋಗ ಇದೆ. ಅದು ಲೆಕ್ಕ ನೋಡಿ, ಎಲ್ಲರ ಮಾತು ಕೇಳಿ ವರದಿ ಕೊಡುತ್ತದೆ. ಕೃಷಿ ಪತ್ತಿನ ಸಂಘ, ಸಹಕಾರ ಬ್ಯಾಂಕ್, ಹೊರಗಿನ ಅನುದಾನದಲ್ಲಿ ನಡೆಯುವ ಸಂಸ್ಥೆ ಇಂಥವಕ್ಕೂ ಸಣ್ಣ ಮಟ್ಟದಲ್ಲಿ ಒಂದು ಸ್ವತಂತ್ರ ಸಮಿತಿ ಮಾಡಿಕೊಳ್ಳಬಹುದು. ಐದು ಜನ ಸಾಕು. ಆದರೆ ಆ ಐದು ಜನ ಯಾರು ಅನ್ನುವುದರಲ್ಲೇ ಅರ್ಧ ಕೆಲಸ ಇದೆ. ಜನರಿಗೆ ನಂಬಿಕೆ ಇಲ್ಲದ ಸಮಿತಿ ಎಷ್ಟು ಒಳ್ಳೆ ವರದಿ ಕೊಟ್ಟರೂ ಅದು ಕಪಾಟು ಸೇರುತ್ತದೆ. ಹಾಗಾಗಿ ಇಲ್ಲಿ ಹೇಳುವುದು ಒಂದೇ ವಿಷಯ: ಸದಸ್ಯರನ್ನು ಹುಡುಕುವುದು, ಆರಿಸುವುದು, ನೇಮಿಸುವುದು.

ಮೊದಲು ಒಂದು ಪುಟದ ನಿರ್ಣಯ

ಹೆಸರುಗಳ ಚರ್ಚೆ ಶುರು ಮಾಡುವ ಮೊದಲು ಸಮಿತಿಯ ಕೆಲಸವನ್ನು ಒಂದು ಪುಟದಲ್ಲಿ ಬರೆದು, ಆಡಳಿತ ಮಂಡಳಿಯಲ್ಲಿ ನಿರ್ಣಯ ಮಾಡಿ. ಯಾರ ಸಂಬಳ? ಬರೀ ಕಾಯಂ ಸಿಬ್ಬಂದಿಯದ್ದೋ, ಪಿಗ್ಮಿ ಸಂಗ್ರಹ ಮಾಡುವವರು, ಗೋದಾಮಿನ ದಿನಗೂಲಿಯವರು, ನ್ಯಾಯಬೆಲೆ ಅಂಗಡಿಯಲ್ಲಿ ತೂಕ ಹಾಕುವವರು ಸೇರಿದ್ದೋ? ಮೂಲ ವೇತನ ಮಾತ್ರವೋ, ಭತ್ಯೆ, ಬೋನಸ್, ಬಡ್ತಿಯೂ ಇದೆಯೋ? ವರದಿ ಯಾರ ಕೈಗೆ? ನೋಟಿಸ್ ಬೋರ್ಡಿಗೆ ಹಾಕುತ್ತೀರೋ ಇಲ್ಲವೋ? ಸಂಘದ ಬೈಲಾ ಮತ್ತು ಸಹಕಾರ ಇಲಾಖೆಯ ನಿಯಮ ಏನು ಹೇಳುತ್ತವೆ ಅಂತಲೂ ಆಗಲೇ ನೋಡಿಕೊಳ್ಳಿ. ಸಮಿತಿ ಸಲಹೆ ಕೊಡಬಹುದು, ನಿಯಮ ಮೀರಲು ಆಗುವುದಿಲ್ಲ.

ಇದರಲ್ಲಿ ಎಲ್ಲರೂ ಮರೆಯುವ ಸಾಲು ಒಂದಿದೆ. ಸಲಹೆ ಒಪ್ಪದಿದ್ದರೆ ಮಂಡಳಿ ಏನು ಮಾಡಬೇಕು? ಬ್ರಿಟನ್ನಿನಲ್ಲಿ ವೈದ್ಯರು, ನರ್ಸ್‌ಗಳು, ಶಿಕ್ಷಕರು, ಸೈನಿಕರು, ಜೈಲು ಸಿಬ್ಬಂದಿ ಹೀಗೆ ಬೇರೆ ಬೇರೆ ವರ್ಗಕ್ಕೆ ಸ್ವತಂತ್ರ ವೇತನ ಪರಿಶೀಲನಾ ಸಮಿತಿಗಳಿವೆ. ಅವುಗಳ ಮಾತು ಸರ್ಕಾರವನ್ನು ಕಟ್ಟಿಹಾಕುವುದಿಲ್ಲ. 2014ರಲ್ಲಿ ಅಲ್ಲಿನ ಆರೋಗ್ಯ ಸೇವೆಯ ಸಿಬ್ಬಂದಿಗೆ ಶೇ 1ರಷ್ಟು ಹೆಚ್ಚಳ ಕೊಡಿ ಅಂತ ಸಮಿತಿ ಹೇಳಿತ್ತು. ಇಂಗ್ಲೆಂಡಿನಲ್ಲಿ ಸರ್ಕಾರ ಅದನ್ನು ಎಲ್ಲರಿಗೂ ಕೊಡಲು ಒಪ್ಪಲಿಲ್ಲ. ಆ ಅಕ್ಟೋಬರ್‌ನಲ್ಲಿ ನರ್ಸ್‌ಗಳೂ ಸೂಲಗಿತ್ತಿಯರೂ ಕೆಲಸ ನಿಲ್ಲಿಸಿ ಬೀದಿಗೆ ಬಂದರು. ಒಂದು ಪರ್ಸೆಂಟಿಗೆ! ನಿಮ್ಮ ನಿರ್ಣಯದಲ್ಲಿ ಹೀಗೆ ಬರೆದುಬಿಡಿ: "ವರದಿ ಬಂದ ಎರಡು ತಿಂಗಳೊಳಗೆ ಮಂಡಳಿ ಉತ್ತರ ಕೊಡಬೇಕು. ಒಪ್ಪದ ಅಂಶಕ್ಕೆ ಕಾರಣ ಬರೆದು ಕೊಡಬೇಕು." ಈ ಸಾಲು ಇದ್ದರೆ ಒಳ್ಳೆ ಜನ ಸಮಿತಿಗೆ ಬರಲು ಒಪ್ಪುತ್ತಾರೆ. ಇಲ್ಲದಿದ್ದರೆ "ಸುಮ್ನೆ ಹೆಸರಿಗೆ ಕೂರಿಸ್ತಾರೆ" ಅಂದುಕೊಂಡು ದೂರ ಉಳಿಯುತ್ತಾರೆ.

ಗಡುವು ಇಡುವಾಗ ಸ್ವಲ್ಪ ಸಡಿಲ ಇರಲಿ. ಕರ್ನಾಟಕದ 7ನೇ ವೇತನ ಆಯೋಗ 2022ರ ನವೆಂಬರ್‌ನಲ್ಲಿ ರಚನೆಯಾದಾಗ ಆರು ತಿಂಗಳಲ್ಲಿ ವರದಿ ಕೊಡಬೇಕು ಅಂತಿತ್ತು. ಅವಧಿ ಮುಂದಕ್ಕೆ ಹೋಗಿ, ವರದಿ ಕೈಸೇರಿದ್ದು 2024ರ ಮಾರ್ಚ್‌ನಲ್ಲಿ.

ಎಷ್ಟು ಕುರ್ಚಿ, ಯಾರಿಗೆ

ಇಲ್ಲಿ ಎರಡು ದಾರಿ ಇವೆ. ಒಂದು, ಮಾಲೀಕರ ಕಡೆಯವರು ಅರ್ಧ, ಕೆಲಸಗಾರರ ಕಡೆಯವರು ಅರ್ಧ, ಮಧ್ಯದಲ್ಲಿ ಕೆಲವರು ಸ್ವತಂತ್ರರು. ನಮ್ಮ ಕನಿಷ್ಠ ಕೂಲಿ ಸಲಹಾ ಮಂಡಳಿಗಳು ಈ ಥರ. 2019ರ ವೇತನ ಸಂಹಿತೆಯ ಪ್ರಕಾರ ರಾಜ್ಯ ಸಲಹಾ ಮಂಡಳಿಯಲ್ಲಿ ಎರಡೂ ಕಡೆಯವರು ಸಮ ಸಂಖ್ಯೆಯಲ್ಲಿ ಇರಬೇಕು, ಸ್ವತಂತ್ರ ಸದಸ್ಯರು ಒಟ್ಟಿನ ಮೂರನೇ ಒಂದು ಭಾಗ ಮೀರಬಾರದು, ಒಟ್ಟು ಸದಸ್ಯರಲ್ಲಿ ಮೂರನೇ ಒಂದು ಭಾಗ ಮಹಿಳೆಯರಿರಬೇಕು.

ಇನ್ನೊಂದು ದಾರಿ ಬ್ರಿಟನ್ನಿನದ್ದು. ಅಲ್ಲಿ ಯೂನಿಯನ್‌ನವರೂ ಕೂರುವುದಿಲ್ಲ, ಸರ್ಕಾರದವರೂ ಕೂರುವುದಿಲ್ಲ. ಕೂರುವವರೆಲ್ಲ ಹೊರಗಿನವರು. ಎರಡೂ ಕಡೆಯವರು ಬರಹದಲ್ಲಿ ತಮ್ಮ ವಾದ ಕೊಡುತ್ತಾರೆ, ಆಮೇಲೆ ಎದುರು ಬಂದು ಪ್ರಶ್ನೆಗಳಿಗೆ ಉತ್ತರ ಹೇಳುತ್ತಾರೆ.

ನನ್ನ ಮತ ಎರಡನೆಯದಕ್ಕೆ. ಸಣ್ಣ ಸಂಘದಲ್ಲಿ ಅರ್ಧ-ಅರ್ಧ ಕೂರಿಸಿದರೆ ಆಡಳಿತ ಮಂಡಳಿಯ ಸಭೆಯಲ್ಲಿ ನಡೆಯುವ ಜಗಳವೇ ಇನ್ನೊಂದು ಕೋಣೆಯಲ್ಲಿ ನಡೆಯುತ್ತದೆ. ಸಿಬ್ಬಂದಿಯ ಪರವಾಗಿ ಕೂತವರು ಜೊತೆಯವರ ಮುಖ ನೋಡಬೇಕು, ನಿರ್ದೇಶಕರು ಮುಂದಿನ ಚುನಾವಣೆ ನೋಡಬೇಕು. ಇಬ್ಬರೂ ಹೊರಗೆ ಕೂತು ತಮ್ಮ ತಮ್ಮ ಲೆಕ್ಕ ತಂದುಕೊಡಲಿ. ಒಳಗೆ ಕೂತವರು ಕೇಳಲಿ. ಆದರೆ ಮೂರನೇ ಒಂದು ಭಾಗ ಮಹಿಳೆಯರು ಅನ್ನುವ ನಿಯಮವನ್ನು ಮಾತ್ರ ಸಂಹಿತೆಯಿಂದ ತೆಗೆದುಕೊಳ್ಳಿ. ಐದರಲ್ಲಿ ಕನಿಷ್ಠ ಇಬ್ಬರು.

ಐದಕ್ಕಿಂತ ಜಾಸ್ತಿ ಬೇಡ. ರಾಜ್ಯದ 7ನೇ ಆಯೋಗದಲ್ಲೇ ಅಧ್ಯಕ್ಷರ ಜೊತೆ ಇದ್ದದ್ದು ಇಬ್ಬರು ಸದಸ್ಯರು. ಮೊದಲು ಅಧ್ಯಕ್ಷರನ್ನು ಆರಿಸಿ, ಉಳಿದವರ ಸಂದರ್ಶನಕ್ಕೆ ಅವರನ್ನೂ ಕೂರಿಸಿಕೊಳ್ಳಿ. ಆಮೇಲೆ ಒಟ್ಟಿಗೆ ಕೆಲಸ ಮಾಡಬೇಕಾದವರು ಅವರೇ ಅಲ್ವಾ.

ಎಂಥವರನ್ನು ಹುಡುಕಬೇಕು

"ಗಣ್ಯರು" ಅನ್ನುವ ಪದವನ್ನು ತಲೆಯಿಂದ ತೆಗೆದುಹಾಕಿ. ಯಾವ ಸಮಾರಂಭಕ್ಕೂ ವೇದಿಕೆ ಮೇಲೆ ಕಾಣುವ ಅದೇ ಹತ್ತು ಜನರನ್ನು ಇಲ್ಲಿಗೂ ತಂದರೆ ಸಭೆಗೆ ಬರುವವರು ಇಬ್ಬರು. ಐದು ಕುರ್ಚಿಗೆ ಐದು ಬೇರೆ ಬೇರೆ ಬುದ್ಧಿ ಬೇಕು. ಲೆಕ್ಕಪತ್ರ ಓದಿ, ಸಂಘದ ಕೈಲಿ ನಿಜವಾಗಿ ಎಷ್ಟಿದೆ ಹೇಳಬಲ್ಲವರು ಒಬ್ಬರು. ಕೆಲಸಗಾರರ ಜೊತೆ ಕೆಲಸ ಮಾಡಿ ಗೊತ್ತಿರುವವರು ಒಬ್ಬರು. ಸೇವಾ ನಿಯಮ ತಿಳಿದವರು ಒಬ್ಬರು. ಊರಿನಲ್ಲಿ ಬೇರೆ ಕಡೆ ಎಂಥ ಸಂಬಳ ಸಿಗುತ್ತದೆ, ಹುಡುಗರು ಯಾಕೆ ಮೈಸೂರು, ಬೆಂಗಳೂರಿಗೆ ಹೋಗುತ್ತಾರೆ ಅಂತ ಬಲ್ಲವರು ಒಬ್ಬರು. ಮತ್ತು ಜಗಳ ಹೆಚ್ಚಾಗದಂತೆ ಸಭೆ ನಡೆಸಬಲ್ಲ ಅಧ್ಯಕ್ಷರು.

ಕೊಡಗಿನಲ್ಲಿ ಇವರನ್ನು ಹುಡುಕುವುದು ಕಷ್ಟವಲ್ಲ. ಪೊನ್ನಂಪೇಟೆಯ ಅರಣ್ಯ ಕಾಲೇಜು, ಗೋಣಿಕೊಪ್ಪಲಿನ ಕಾವೇರಿ ಕಾಲೇಜು, ಮಡಿಕೇರಿಯ ಕಾರ್ಯಪ್ಪ ಕಾಲೇಜುಗಳಲ್ಲಿ ಪಾಠ ಮಾಡುವವರು, ಮಾಡಿ ನಿವೃತ್ತರಾದವರು ಇದ್ದಾರೆ. ಬ್ಯಾಂಕು, ವಿಮೆ, ಖಜಾನೆಯಿಂದ ನಿವೃತ್ತರಾದವರು ಪ್ರತಿ ಊರಲ್ಲೂ ಸಿಗುತ್ತಾರೆ. ತೋಟದ ಕಚೇರಿಯಲ್ಲಿ ವರ್ಷಗಟ್ಟಲೆ ಕೂಲಿ ಪುಸ್ತಕ ಬರೆದ ರೈಟರ್‌ಗಳನ್ನು ಯಾರೂ ನೆನಪು ಮಾಡಿಕೊಳ್ಳುವುದಿಲ್ಲ. ಆದರೆ ಸಂಬಳದಲ್ಲಿ ನೂರು ರೂಪಾಯಿ ಕಡಿಮೆಯಾದರೆ ಮನೆಯಲ್ಲಿ ಏನಾಗುತ್ತದೆ ಅಂತ ಅವರಷ್ಟು ತಿಳಿದವರು ಕಡಿಮೆ. ಸ್ವಸಹಾಯ ಸಂಘಗಳ ಲೆಕ್ಕ ನೋಡಿಕೊಂಡ ಹೆಣ್ಣುಮಕ್ಕಳನ್ನೂ ಕೇಳಿ. ತಿತಿಮತಿ, ಸಿದ್ದಾಪುರದ ಕಡೆಯ ಯರವ, ಜೇನುಕುರುಬ ಸಮುದಾಯದ ಓದಿದ ಯುವಕ-ಯುವತಿಯರನ್ನೂ ಕೇಳಿ. ಗೋದಾಮಿನಲ್ಲಿ ಮೂಟೆ ಹೊರುವವರ ಸಂಬಳ ನಿರ್ಧಾರವಾಗುವ ಕಡೆ ಆ ಮನೆಗಳಿಂದ ಬಂದವರು ಒಬ್ಬರಾದರೂ ಇರಲಿ.

ಮಾಜಿ ಸೈನಿಕರ ಬಗ್ಗೆ ಒಂದು ಮಾತು. ನಮ್ಮಲ್ಲಿ ಅವರಿಗೆ ಕೊರತೆ ಇಲ್ಲ. ಕೇಂದ್ರದ ವೇತನ ಆಯೋಗಗಳನ್ನು ತಮ್ಮ ಕೈಗೆ ಬಂದ ಸಂಬಳದಲ್ಲೇ ನೋಡಿದವರು ಅವರು. ಒಂದೇ ಶ್ರೇಣಿ ಒಂದೇ ಪಿಂಚಣಿ ವಿಷಯದಲ್ಲಿ ಎರಡು ಕಾಲದಲ್ಲಿ ನಿವೃತ್ತರಾದವರ ನಡುವೆ ಅಂತರ ಹೇಗೆ ಹುಟ್ಟುತ್ತದೆ ಅಂತ ಅವರಿಗೆ ಚೆನ್ನಾಗಿ ಗೊತ್ತು. ಅವರ ಪಿಂಚಣಿ ದೆಹಲಿಯಿಂದ ಬರುತ್ತದೆ, ನಿಮ್ಮ ಸಂಘದ ನಿರ್ಧಾರಕ್ಕೂ ಅದಕ್ಕೂ ಸಂಬಂಧವಿಲ್ಲ. ಇದು ದೊಡ್ಡ ಅನುಕೂಲ. ಆದರೆ ಐದರಲ್ಲಿ ಒಬ್ಬರು, ಹೆಚ್ಚೆಂದರೆ ಇಬ್ಬರು. ಸರ್ಕಾರಿ ಸ್ಕೇಲ್‌ನಲ್ಲೇ ಜೀವನ ಕಳೆದವರಿಗೆ, ಅವರು ಸೈನಿಕರಿರಲಿ, ಮೇಷ್ಟರಿರಲಿ, ಎಲ್ಲ ಸಂಬಳವನ್ನೂ ಆ ಸ್ಕೇಲ್ ಹಿಡಿದೇ ಅಳೆಯುವ ಅಭ್ಯಾಸ ಇರುತ್ತದೆ.

"ಯಾವ ಮನೆ? ಯಾವ ಊರು?"

ಕೊಡಗಿನಲ್ಲಿ ಇಬ್ಬರು ಪರಿಚಯವಾದರೆ ಮೊದಲು ಬರುವ ಪ್ರಶ್ನೆ ಇದು. ಎರಡು ನಿಮಿಷದಲ್ಲಿ ಒಂದು ನೆಂಟಸ್ತಿಕೆ ಹೊರಬರುತ್ತದೆ. ಇಂಥ ಜಿಲ್ಲೆಯಲ್ಲಿ "ಯಾರಿಗೂ ಸಂಬಂಧವಿಲ್ಲದ ಸ್ವತಂತ್ರ ವ್ಯಕ್ತಿ" ಬೇಕು ಅಂತ ಹಠ ಹಿಡಿದರೆ ಸಮಿತಿ ಎಂದಿಗೂ ಆಗುವುದಿಲ್ಲ. ಹಾಗಂತ ಸಂಬಂಧ ಲೆಕ್ಕಕ್ಕಿಲ್ಲ ಎಂದು ಬಿಟ್ಟರೆ ವರದಿ ಬಂದ ದಿನವೇ "ಅವರ ಭಾವನಿಗೆ ಜಾಸ್ತಿ ಬರೆದಿದ್ದಾರೆ" ಅಂತ ಪೇಟೆಯಲ್ಲಿ ಮಾತು ಹಬ್ಬುತ್ತದೆ. ದಾರಿ ಒಂದೇ. ಯಾವ ಸಂಬಂಧ ಇದ್ದರೆ ಕೂರುವಂತಿಲ್ಲ, ಯಾವುದನ್ನು ಬರೆದುಕೊಟ್ಟು ಕೂರಬಹುದು ಅಂತ ಮೊದಲೇ ಗೆರೆ ಎಳೆಯುವುದು.

ಕೂರುವಂತಿಲ್ಲ: ಈಗಿನ ನಿರ್ದೇಶಕರು, ಹಿಂದಿನ ಅವಧಿಯ ನಿರ್ದೇಶಕರು, ಸಿಬ್ಬಂದಿ, ಸಿಬ್ಬಂದಿಯ ಗಂಡ-ಹೆಂಡತಿ, ತಂದೆ-ತಾಯಿ, ಮಕ್ಕಳು, ಅಣ್ಣ-ತಮ್ಮ-ಅಕ್ಕ-ತಂಗಿ ಮತ್ತು ಇವರನ್ನು ಮದುವೆಯಾದವರು. ಸಂಘದ ಸಾಲ ಸುಸ್ತಿ ಇಟ್ಟುಕೊಂಡವರು. ಸಂಘದ ಲೆಕ್ಕ ಪರಿಶೋಧಕರು. ರಾಜಕೀಯ ಪಕ್ಷದ ಪದಾಧಿಕಾರಿಗಳು.

ಬರೆದುಕೊಟ್ಟು ಕೂರಬಹುದು: ಸಂಘದ ಸಾಮಾನ್ಯ ಸದಸ್ಯತ್ವ, ಸರಿಯಾಗಿ ಕಟ್ಟುತ್ತಿರುವ ಸಾಲ, ದೂರದ ನೆಂಟಸ್ತಿಕೆ, ಒಂದೇ ಒಕ್ಕದವರು (ಒಂದೇ ಮನೆ ಹೆಸರಿನ ಕುಲದವರು) ಎಂಬುದು. ಇಡೀ ಒಕ್ಕವನ್ನೇ ಹೊರಗಿಟ್ಟರೆ ದೊಡ್ಡ ಮನೆತನದಿಂದ ಒಬ್ಬರೂ ಸಿಗಲಿಕ್ಕಿಲ್ಲ, ಅದು ನ್ಯಾಯವೂ ಅಲ್ಲ. ಆದರೆ ಹಾಗೆ ಸಂಬಂಧವಿರುವ ಸಿಬ್ಬಂದಿಯ ಹುದ್ದೆಯ ವಿಷಯ ಬಂದಾಗ ಆ ಸದಸ್ಯರು ಎದ್ದು ಹೊರಗೆ ಹೋಗಬೇಕು, ಹೋದದ್ದನ್ನು ನಡಾವಳಿಯಲ್ಲಿ ಬರೆಯಬೇಕು.

ಇನ್ನೊಂದು ಷರತ್ತನ್ನೂ ಸೇರಿಸಿ: ಸಮಿತಿಯಲ್ಲಿ ಇರುವಾಗ ಮತ್ತು ಮುಗಿದ ಮೇಲಿನ ಮೊದಲ ಚುನಾವಣೆಯಲ್ಲಿ ಸಂಘದ ನಿರ್ದೇಶಕ ಸ್ಥಾನಕ್ಕೆ ನಿಲ್ಲುವುದಿಲ್ಲ ಎಂಬ ಒಪ್ಪಿಗೆ. ಸಿಬ್ಬಂದಿಗೆ ಒಳ್ಳೆಯವರಾಗಿ ಆಮೇಲೆ ವೋಟು ಕೇಳುವ ದಾರಿ ಇದರಿಂದ ಮುಚ್ಚುತ್ತದೆ. ಈ ಷರತ್ತು ಓದಿ ಕೆಲವರು ಅರ್ಜಿ ವಾಪಸ್ ಪಡೆಯಬಹುದು. ಒಳ್ಳೆಯದೇ ಆಯಿತು.

ಪ್ರಕಟಣೆ

ಕದ್ದುಮುಚ್ಚಿ ಕರೆದ ಸಮಿತಿಗೆ ಬೆಲೆ ಇಲ್ಲ. ಪ್ರಕಟಣೆ ಕೊಡಿ, ಭಾಷೆ ಸರಳವಾಗಿರಲಿ. ಹೀಗೆ ಇದ್ದರೆ ಸಾಕು:

"ನಮ್ಮ ಸಂಘದ ಸಿಬ್ಬಂದಿಯ ಸಂಬಳದ ಬಗ್ಗೆ ಸಲಹೆ ಕೊಡಲು ಐದು ಜನರ ಸ್ವತಂತ್ರ ಸಮಿತಿ ರಚಿಸುತ್ತಿದ್ದೇವೆ. ಅವಧಿ ಎರಡು ಅಥವಾ ಮೂರು ವರ್ಷ. ಮೊದಲ ವರ್ಷ ಸುಮಾರು ಹತ್ತು ದಿನ ಸಭೆ, ಜೊತೆಗೆ ಮನೆಯಲ್ಲಿ ಓದುವ ಕೆಲಸ. ಸಭೆಗೆ ಗೌರವಧನ ಮತ್ತು ಪ್ರಯಾಣ ವೆಚ್ಚ ಕೊಡುತ್ತೇವೆ. ಡಿಗ್ರಿ ಕಡ್ಡಾಯವಲ್ಲ. ಲೆಕ್ಕ ಓದಲು, ಇನ್ನೊಬ್ಬರ ಮಾತು ಪೂರ್ತಿ ಕೇಳಲು, ಕಾರಣ ಕೊಟ್ಟು ಮಾತಾಡಲು ಬರಬೇಕು. ಮಹಿಳೆಯರು, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರ ಅರ್ಜಿಗೆ ಸ್ವಾಗತ. ಯಾರು ಅರ್ಜಿ ಹಾಕುವಂತಿಲ್ಲ ಎಂಬ ಪಟ್ಟಿ ಸಂಘದ ಕಚೇರಿಯಲ್ಲಿದೆ."

ಗೌರವಧನದ ಮೊತ್ತವನ್ನು ಪ್ರಕಟಣೆಯಲ್ಲೇ ಹಾಕಿ. "ಸೇವಾ ಮನೋಭಾವದಿಂದ ಉಚಿತವಾಗಿ" ಅಂದರೆ ಬರುವವರು ಅನುಕೂಲಸ್ಥರು ಮಾತ್ರ. ಕುಟ್ಟದಿಂದ ಮಡಿಕೇರಿಗೆ ಬಸ್ಸಿನಲ್ಲಿ ಬಂದು ಹೋಗುವುದು ಒಂದು ದಿನದ ಕೆಲಸ. ದಿನದ ದುಡಿಮೆ ಬಿಟ್ಟು ಬರುವವರಿಗೆ ಬಸ್ ಚಾರ್ಜು ಮಾತ್ರ ಕೊಟ್ಟರೆ ಅವರು ಎರಡನೇ ಸಭೆಗೆ ಬರುವುದಿಲ್ಲ.

"ಶಕ್ತಿ" ಪತ್ರಿಕೆಯಲ್ಲಿ ಒಂದು ಪ್ರಕಟಣೆ, ಮಡಿಕೇರಿ ಆಕಾಶವಾಣಿಗೆ ಒಂದು ಚೀಟಿ, ಪಂಚಾಯ್ತಿ, ಗ್ರಂಥಾಲಯ, ಹಾಲಿನ ಡೇರಿ, ನ್ಯಾಯಬೆಲೆ ಅಂಗಡಿಯ ಗೋಡೆಗೆ ಒಂದೊಂದು ಹಾಳೆ. ವಾಟ್ಸಾಪ್ ಗುಂಪುಗಳಿಗೂ ಹಾಕಿ, ಆದರೆ ಅಷ್ಟಕ್ಕೇ ನಿಲ್ಲಿಸಬೇಡಿ. ತಾವಾಗಿ ಅರ್ಜಿ ಹಾಕುವವರಲ್ಲಿ ಆತ್ಮವಿಶ್ವಾಸ ಇರುವವರೇ ಜಾಸ್ತಿ. ಯೋಗ್ಯತೆ ಇದ್ದೂ "ನಮ್ಮಂಥವರಿಗೆಲ್ಲ ಯಾಕೆ" ಅನ್ನುವವರ ಮನೆಗೆ ಹೋಗಿ ಅರ್ಜಿ ಕೊಟ್ಟು ಬರಬೇಕು. ಕೊಟ್ಟು ಬರುವುದು ಅಂದರೆ ಸ್ಥಾನ ಕೊಟ್ಟ ಹಾಗಲ್ಲ ಅಂತ ಅಲ್ಲೇ ಹೇಳಿಬಿಡಿ.

ಸಮಯವೂ ಮುಖ್ಯ. ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ. ಕರೆಂಟ್ ಇಲ್ಲ, ನೆಟ್‌ವರ್ಕ್ ಇಲ್ಲ, ರಸ್ತೆ ಮೇಲೆ ಮರ. 2018ರ ಆಗಸ್ಟ್‌ನ ಭೂಕುಸಿತ ಆದ ಮೇಲೆ ಮಳೆಗಾಲದಲ್ಲಿ ಘಾಟಿ ದಾಟಿ ಬನ್ನಿ ಅಂತ ಯಾರಿಗೂ ಹೇಳುವ ಹಾಗಿಲ್ಲ. ನವೆಂಬರ್‌ನಿಂದ ಅರೇಬಿಕಾ ಕೊಯ್ಲು, ಜನವರಿಯಿಂದ ರೊಬಸ್ಟಾ, ಅದು ಮುಗಿಯುವಷ್ಟರಲ್ಲಿ ಹೂಮಳೆಯ ಚಿಂತೆ. ಏಪ್ರಿಲ್-ಮೇಯಲ್ಲಿ ಮದುವೆಗಳು, ಕೌಟುಂಬಿಕ ಹಾಕಿ. ಹಾಗಾಗಿ ಸೆಪ್ಟೆಂಬರ್‌ನ ಮಹಾಸಭೆಯಲ್ಲಿ ವಿಷಯ ತಿಳಿಸಿ, ತಿಂಗಳ ಕೊನೆಗೆ ಪ್ರಕಟಣೆ ಹಾಕಿ, ನಾಲ್ಕು ವಾರ ಸಮಯ ಕೊಟ್ಟು, ತುಲಾ ಸಂಕ್ರಮಣ ಕಳೆದ ಮೇಲೆ ಸಂದರ್ಶನ ಇಟ್ಟುಕೊಳ್ಳಿ. ಸುಗ್ಗಿ ಹಬ್ಬ ಪುತ್ತರಿ ಬರುವುದರೊಳಗೆ ನೇಮಕ ಮುಗಿಯುತ್ತದೆ.

ಅರ್ಜಿ ಮತ್ತು ಅಂಕ

ಅರ್ಜಿ ಎರಡು ಪುಟ ಮೀರದಿರಲಿ. ಒಂದರಲ್ಲಿ ಹೆಸರು, ಕೆಲಸ, ಸಂಬಂಧಗಳ ಘೋಷಣೆ. ಇನ್ನೊಂದರಲ್ಲಿ ಎರಡೇ ಪ್ರಶ್ನೆ: "ನೀವು ಲೆಕ್ಕ ನೋಡಿ ಒಂದು ನಿರ್ಧಾರ ಮಾಡಿದ ಸಂದರ್ಭ ಬರೆಯಿರಿ." "ಎರಡು ಕಡೆಯವರ ಜಗಳದಲ್ಲಿ ನೀವು ಮಧ್ಯೆ ನಿಂತ ಸಂದರ್ಭ ಬರೆಯಿರಿ." ಪದವಿ, ಪ್ರಶಸ್ತಿಗಳ ಪಟ್ಟಿಗಿಂತ ಇದರಿಂದ ಮನುಷ್ಯರು ಜಾಸ್ತಿ ಗೊತ್ತಾಗುತ್ತಾರೆ. ಕೈಬರಹ ಆದರೂ ಸರಿ.

ಲಕೋಟೆ ಒಡೆಯುವ ಮೊದಲೇ ಅಂಕ ಕೊಡುವ ಹಾಳೆ ಸಿದ್ಧ ಮಾಡಿ. ಇಬ್ಬರು ಬೇರೆ ಬೇರೆ ಕೂತು ಅಂಕ ಹಾಕಲಿ, ಆಮೇಲೆ ಹೋಲಿಸಲಿ. ಹೆಸರಿರುವ ಪುಟವನ್ನು ತೆಗೆದಿಟ್ಟು ಎರಡನೇ ಪುಟ ಮಾತ್ರ ಕೊಟ್ಟರೆ ಇನ್ನೂ ಒಳ್ಳೆಯದು. ಮನೆ ಹೆಸರು ಕಂಡ ಕೂಡಲೇ ನಮ್ಮ ಪೆನ್ನು ಬೇರೆ ಥರ ಓಡುತ್ತದೆ, ಒಪ್ಪಿಕೊಳ್ಳೋಣ.

ಸಂದರ್ಶನ

ಸಂದರ್ಶನಕ್ಕೆ ಮೂವರು: ಮಂಡಳಿಯಿಂದ ಒಬ್ಬರು, ಬೇರೆ ತಾಲ್ಲೂಕಿನ ಸಂಸ್ಥೆಯಿಂದ ಒಬ್ಬರು, ಆಯ್ಕೆಯಾದ ಅಧ್ಯಕ್ಷರು. ಎಲ್ಲರಿಗೂ ಅದೇ ಪ್ರಶ್ನೆ, ಅದೇ ಸಮಯ. ಕೊಡವ ತಕ್ಕ್, ಅರೆಭಾಷೆ, ಯಾವುದರಲ್ಲಿ ಮಾತು ಸಲೀಸೋ ಅದರಲ್ಲಿ ಉತ್ತರ ಕೊಡಲಿ.

ಒಂದು ಲೆಕ್ಕ ಕೊಡಿ. 7ನೇ ವೇತನ ಆಯೋಗದ್ದೇ ಒಳ್ಳೆ ಉದಾಹರಣೆ. ರಾಜ್ಯ ನೌಕರರ ಕನಿಷ್ಠ ಮೂಲ ವೇತನ 17,000 ಇದ್ದದ್ದು 27,000 ಆಯಿತು. ಹೊಸ ಸಂಬಳ 2024ರ ಆಗಸ್ಟ್ 1ರಿಂದ ಕೈಗೆ ಬಂತು. "ಹಾಗಾದರೆ ನೌಕರರಿಗೆ ಹತ್ತು ಸಾವಿರ ಜಾಸ್ತಿ ಸಿಕ್ಕಿತೇ?" ಅಂತ ಕೇಳಿ.

ತಿಳಿದವರು ಪೆನ್ಸಿಲ್ ಕೇಳುತ್ತಾರೆ. 17,000ಕ್ಕೆ 2022ರ ಜುಲೈ 1ರ ಲೆಕ್ಕದ ತುಟ್ಟಿಭತ್ಯೆ ಶೇ 31, ಅಂದರೆ 5,270. ಅದರ ಜೊತೆ ಫಿಟ್‌ಮೆಂಟ್, ಅಂದರೆ ಮೂಲ ವೇತನದ ಮೇಲೆ ಕೊಡುವ ಹೆಚ್ಚಳ, ಶೇ 27.5, ಅಂದರೆ 4,675. ಒಟ್ಟು 26,945. ಅದನ್ನು ಸರಿಹೊಂದಿಸಿ 27,000. ಇದರಲ್ಲಿ 5,270 ಭತ್ಯೆಯಾಗಿ ಮೊದಲೇ ಕೈಗೆ ಬರುತ್ತಿದ್ದ ಹಣ. ಹೊಸದಾಗಿ ಸೇರಿದ್ದು 4,730. ಅದರಲ್ಲೂ 2023ರ ಏಪ್ರಿಲ್‌ನಿಂದ ವರದಿ ಬರುವ ತನಕ ಅಂತ ಕೊಟ್ಟ ಶೇ 17ರ ಮಧ್ಯಂತರ ಪರಿಹಾರ, ಅಂದರೆ 2,890, ಸಿಗುತ್ತಿತ್ತು. ಪೂರ್ತಿ ಲೆಕ್ಕ ಬರದಿದ್ದರೂ ಪರವಾಗಿಲ್ಲ. "ಆ ಹತ್ತು ಸಾವಿರದಲ್ಲಿ ಹಳೇ ಭತ್ಯೆ ಎಷ್ಟು ಸೇರಿದೆ?" ಎಂದು ತಿರುಗಿ ಕೇಳಿದರೆ ಅವರು ನಿಮಗೆ ಬೇಕಾದವರು. ಪತ್ರಿಕೆಯ ತಲೆಬರಹ ನೋಡಿ "ಹೌದು, ಹತ್ತು ಸಾವಿರ" ಅಂದವರ ಬಗ್ಗೆ ಇನ್ನೊಮ್ಮೆ ಯೋಚಿಸಿ.

ಎರಡನೆಯದು ಲೆಕ್ಕಕ್ಕಿಂತ ಮನಸ್ಸಿನ ಪರೀಕ್ಷೆ. ಅಟೆಂಡರ್‌ಗೆ 18,000, ವ್ಯವಸ್ಥಾಪಕರಿಗೆ 54,000. ಶೇ 5 ಏರಿಸಿದರೆ ಒಬ್ಬರಿಗೆ 900, ಇನ್ನೊಬ್ಬರಿಗೆ 2,700. ಅದೇ ಹಣವನ್ನು ಸಮನಾಗಿ ಹಂಚಿದರೆ ಇಬ್ಬರಿಗೂ 1,800. ಯಾವುದು ಸರಿ? ಇದಕ್ಕೆ ಒಂದೇ ಉತ್ತರ ಇಲ್ಲ. ಆರಿಸಿಕೊಂಡ ಉತ್ತರವನ್ನು ಮೊದಲು ಅಟೆಂಡರ್‌ಗೆ ಹೇಳುವಂತೆ ಹೇಳಿ ಅನ್ನಿ, ಆಮೇಲೆ ವ್ಯವಸ್ಥಾಪಕರಿಗೆ ಹೇಳುವಂತೆ ಹೇಳಿ ಅನ್ನಿ. ಇಬ್ಬರಿಗೂ ಒಂದೇ ಕಾರಣ ಕೊಡುತ್ತಾರೋ, ಮುಖ ನೋಡಿ ಮಾತು ಬದಲಿಸುತ್ತಾರೋ ಗಮನಿಸಿ.

ಕೊನೆಗೆ ನೇರವಾಗಿ ಕೇಳಿ: "ನಿಮ್ಮ ಶಿಫಾರಸು ಇಷ್ಟವಾಗದೆ ಸಂತೆಯಲ್ಲಿ ಯಾರಾದರೂ ನಿಲ್ಲಿಸಿ ಬೈದರೆ ಏನು ಮಾಡುತ್ತೀರಿ?" ಮಡಿಕೇರಿಯ ಶುಕ್ರವಾರದ ಸಂತೆಗೆ ಎಲ್ಲರೂ ಬರುತ್ತಾರೆ. ಇದು ಬರೀ ಕಲ್ಪನೆಯ ಪ್ರಶ್ನೆ ಅಲ್ಲ.

ನೇಮಕ ಪತ್ರ

ಪತ್ರದಲ್ಲಿ ಅವಧಿ, ಗೌರವಧನ, ಗೋಪ್ಯತೆ, ಸಂಬಂಧ ಬದಲಾದರೆ ಹದಿನೈದು ದಿನದಲ್ಲಿ ತಿಳಿಸುವ ಷರತ್ತು ಇರಲಿ. ಐವರ ಅವಧಿಯೂ ಒಂದೇ ದಿನ ಮುಗಿಯದಂತೆ ನೋಡಿಕೊಳ್ಳಿ. ಇಬ್ಬರಿಗೆ ಎರಡು ವರ್ಷ, ಮೂವರಿಗೆ ಮೂರು ವರ್ಷ ಕೊಟ್ಟರೆ ಹಳಬರು ಹೊಸಬರಿಗೆ ಕಲಿಸುತ್ತಾರೆ. ತೆಗೆದುಹಾಕುವ ಕಾರಣಗಳನ್ನು ಎಣಿಸಿ ಬರೆಯಿರಿ: ಸತತ ಮೂರು ಸಭೆಗೆ ಬಾರದಿರುವುದು, ಸಂಬಂಧ ಮುಚ್ಚಿಟ್ಟದ್ದು, ಗುಟ್ಟು ಹೊರಹಾಕಿದ್ದು. "ಮಂಡಳಿಗೆ ಸರಿ ಕಂಡಾಗ" ಅನ್ನುವ ಮಾತು ಎಲ್ಲೂ ಬರಬಾರದು. ಆ ಒಂದು ಮಾತಿದ್ದರೆ ಸ್ವತಂತ್ರ ಅನ್ನುವುದಕ್ಕೆ ಅರ್ಥವೇ ಇಲ್ಲ.

ಸಮಿತಿಗೆ ಕಾಗದಪತ್ರ ನೋಡಿಕೊಳ್ಳುವವರು ಒಬ್ಬರು ಬೇಕು. ಸಂಘದ ಮುಖ್ಯ ಕಾರ್ಯನಿರ್ವಹಣಾಧಿಕಾರಿಯನ್ನೇ ಕೂರಿಸಬೇಡಿ, ಅವರ ಸಂಬಳವೂ ಚರ್ಚೆಯಲ್ಲಿದೆ. ಬ್ರಿಟನ್ನಿನಲ್ಲಿ ಎಂಟು ವೇತನ ಸಮಿತಿಗಳಿಗೂ ಸೇರಿ ಒಂದೇ ಪ್ರತ್ಯೇಕ ಕಚೇರಿ ಇದೆ, 1971ರಿಂದ. ಇಲ್ಲೂ ಅಕ್ಕಪಕ್ಕದ ನಾಲ್ಕೈದು ಸಂಘಗಳು ಸೇರಿ ಒಬ್ಬರನ್ನು ಅರೆಕಾಲಿಕವಾಗಿ ಇಟ್ಟುಕೊಂಡರೆ ಖರ್ಚು ಹಂಚಿಹೋಗುತ್ತದೆ. ಎಲ್ಲ ಕಡೆಯ ಸಂಬಳದ ಪಟ್ಟಿ ಒಂದೇ ಕಡೆ ಸಿಗುತ್ತದೆ, ಸಮಿತಿಗೆ ಹೋಲಿಸಲು ಬೇಕಾದದ್ದೂ ಅದೇ.

ಆಯ್ಕೆಯಾದವರ ಹೆಸರು ಮತ್ತು ಅವರು ಘೋಷಿಸಿದ ಸಂಬಂಧಗಳನ್ನು ಒಟ್ಟಿಗೇ ನೋಟಿಸ್ ಬೋರ್ಡಿಗೆ ಹಾಕಿ. ಆಯ್ಕೆಯಾಗದವರಿಗೂ ಪತ್ರ ಹೋಗಲಿ, ಅಂಕ ಕೇಳಿದರೆ ತೋರಿಸಿ. ಹತ್ತಿರ ಬಂದು ತಪ್ಪಿದ ಇಬ್ಬರ ಹೆಸರನ್ನು ಒಂದು ವರ್ಷದ ಮಟ್ಟಿಗೆ ಕಾಯ್ದಿರಿಸಿದ ಪಟ್ಟಿಯಲ್ಲಿ ಇಟ್ಟುಕೊಳ್ಳಿ. ಮಗಳ ಮನೆಗೆ ಬೆಂಗಳೂರಿಗೆ ಹೋಗಿ ಅಲ್ಲೇ ಉಳಿಯುವ ಸದಸ್ಯರು ಒಬ್ಬರಾದರೂ ಇರುತ್ತಾರೆ. ಆಗ ಮತ್ತೆ ಪ್ರಕಟಣೆಯಿಂದ ಶುರು ಮಾಡಬೇಕಾಗುವುದಿಲ್ಲ.